ಪುಕ್ಕಟೆ ಸೇವಾ

(ಬೇಡಗದ ಒಂದು ಚಹಾದಂಗಡಿ. ಕಾಕಾ ಪೇಪರ್ ಓದಾಕತ್ತಾರ. ಮಲ್ಲು ತಲಿ ಹಿಡಕೊಂಡು ಕುಂತಾನ.)

ಮಲ್ಲು: ಕಾಕಾ, ನಿನ್ನೆ ಕುಡದದ್ದು ಸ್ವಲ್ಪ ಹೆಚ್ಚಾಗಿ ಮಿರಜ ಬಸ್ ಸ್ಟ್ಯಾಂಡಿನಾಗ ಗದ್ದಲಾ ಹಾಕೀನಿ. ಜೇಲ್ ಏನ್ರಿ?

ಕಾಕಾ: 1 ಜುಲೈ 2024ರಿಂದ ಭಾರತೀಯ ನ್ಯಾಯ ಸಂಹಿತಾ ಹೊಸಾದು ಬಂದೈತಿ. 355ನೇ ಕಲಮು: 24 ತಾಸಿನ ತನಕ ಜೇಲ್, ಇಲ್ಲಾ ಸಾವಿರದ ತನಕ ದಂಡ, ಇಲ್ಲಾ ಸಮಾಜಸೇವಾ.

ಮಲ್ಲು: ಸೇವಾಕ್ಕ ಪಗಾರ ಎಷ್ಟ್ರಿ?

ಕಾಕಾ: ಒಂದು ಪೈಸಾನೂ ಇಲ್ಲ.

ಮಲ್ಲು: ಯಪ್ಪಾ! ಜೇಲ್‌ದಾಗ ರೊಟ್ಟಿಯಾದ್ರೂ ಹಾಕ್ತಾರ.

ಕಾಕಾ: ಸರ್ಕಾರಿ ನೌಕರ ಕಾಯ್ದೆ ಮೀರಿ ವ್ಯಾಪಾರ ಮಾಡಿದ್ರೂ ಇದ ಸಮಾಜಸೇವಾದ ಶಿಕ್ಷಾ ಕೊಡಬಹುದು.

ಮಲ್ಲು: ಪಾಪ, ಮಂದಿ ಸೇವಾ ಮಾಡಿ ರೂಢಿ ಇರಂಗಿಲ್ಲ! ಅದಿರಲಿ, ಪುಣೆದಾಗ ಸಾವಕಾರ ಮನಿ ಹುಡುಗನ ಕಾರು ಬಡದು ಇಬ್ಬರು ಸತ್ತಾಗ, ಜಾಮೀನಿಗೆ 300 ಶಬ್ದದ ನಿಬಂಧ ಬರಿ ಅಂದಿದ್ರಲ್ರಿ. ನನಗೂ ಅದನ್ನ ಕೊಡ್ಲಿ.

ಕಾಕಾ: ಅದಕ್ಕ ಪೋರ್ಶ ಕಾರು ಬೇಕೋ ತಮ್ಮಾ. ನಿಂದು ಲೂನಾ.

ಮಲ್ಲು: ಕಳವಿಗೆ?

ಕಾಕಾ: 5000ದ ಒಳಗ, ಮೊದಲನೇ ಸಲ, ಮಾಲು ತಿರುಗಿ ಕೊಟ್ರ ಸಮಾಜಸೇವಾ.

ಮಲ್ಲು: ಐದು ಕೋಟಿ ಹೊಡದವರಿಗೆ?

ಕಾಕಾ: ಅವರಿಗೆ ಕೋರ್ಟ್ ಯಾಕ ಹೇಳಬೇಕು? ಫ್ಲೆಕ್ಸಿನ ಮ್ಯಾಲ ತಾವ ‘ಸಮಾಜಸೇವಕ’ ಅಂತ ಹಾಕ್ಕೊಂಡಾರ.