ನಿಂಬೆಹಣ್ಣಿನ ವಾರಂಟಿ

ಮಗಳ ಬಾಣಂತನಕ್ಕೆಂದು ನಾವು ಕ್ಯಾಲಿಫೋರ್ನಿಯಾಕ್ಕೆ ಹೋದದ್ದು 2019ರಲ್ಲಿ. ಬಾಣಂತನ ನನ್ನ ಹೆಂಡತಿಯ ಪಾಲಿಗೆ ಬಂತು, ಅಳಿಯಂದಿರು ನನ್ನ ಪಾಲಿಗೆ ಬಂದರು. ನಾಮಕರಣ ಮುಗಿದ ಸಂಜೆ ಅವರು ಪಕ್ಕದಲ್ಲಿ ಕೂತು, ‘ಮಾವ, ಒಂದು ವಿಷಯ’ ಎಂದು ದನಿ ತಗ್ಗಿಸಿದರು. ಸಾಲ ಕೇಳುತ್ತಾರೆಂದು ನಾನು ಮನಸ್ಸಿನಲ್ಲೇ ಎಫ್‌ಡಿಗಳನ್ನು ಎಣಿಸತೊಡಗಿದೆ. ಅವರಿಗೆ ಬೇಕಿದ್ದದ್ದು ಸಾಲವಲ್ಲ, ಜೊತೆ. ಸ್ಯಾಕ್ರಮೆಂಟೋದಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಾರು ನೋಡಿಬರಬೇಕಂತೆ. ಮಗಳಿಗೆ ಸದ್ಯಕ್ಕೆ ಹೇಳುವುದು ಬೇಡವಂತೆ.

ದಾರಿಯಲ್ಲಿ ಗುಟ್ಟು ಬಿಚ್ಚಿಕೊಂಡಿತು. ಕಾರು 2015ರ ಪೋರ್ಷೆ 911 ಕರೇರಾ ಎಸ್. 400 ಅಶ್ವಶಕ್ತಿ, ಏಳು ಗೇರು. ‘ಅಷ್ಟು ಗೇರು ಯಾವ ಊರಿಗೆ ಹೋಗೋಕೆ?’ ಎಂದೆ. ಅವರು ಅದಕ್ಕೆ ಉತ್ತರ ಕೊಡದೆ, ಹಿಂದಿನ ಸೀಟಿನಲ್ಲಿ ಮಗುವಿನ ಸೀಟು ಹಿಡಿಸುತ್ತದೆ ಎಂದರು. ಈ ಕಾರಿನ ನಾಮಕರಣದಲ್ಲೂ ಜಗಳವಾಗಿತ್ತಂತೆ. 1963ರಲ್ಲಿ ಫ್ರಾಂಕ್‌ಫರ್ಟಿನ ಪ್ರದರ್ಶನಕ್ಕೆ ಬಂದಾಗ ಇದರ ಹೆಸರು 901. ನಡುವೆ ಸೊನ್ನೆಯಿರುವ ಮೂರಂಕಿಯ ಹೆಸರುಗಳೆಲ್ಲ ನಮ್ಮವು ಎಂದು ಫ್ರಾನ್ಸಿನ ಪೂಜೋ ಕಂಪನಿ ತಕರಾರು ತೆಗೆಯಿತು. ಸೊನ್ನೆ ಒಂದಾಗಿ 911 ಆಯಿತು. ನಮ್ಮ ಮನೆಯಲ್ಲಿ ಹಿಂದಿನ ದಿನವಷ್ಟೇ ಬೀಗರ ಕಡೆಯವರಿಗೂ ನಮಗೂ ನಡೆದ ಚರ್ಚೆಗೆ ಹೋಲಿಸಿದರೆ ಇದು ಬಹಳ ಮರ್ಯಾದಸ್ಥ ಜಗಳ.

ಅಸಲು ವಿಷಯ ವಾರಂಟಿಯದು. ಅಮೆರಿಕದಲ್ಲಿ ಈ ಕಾರಿಗೆ ಕಂಪನಿ ಕೊಡುವುದು 4 ವರ್ಷ ಅಥವಾ 50,000 ಮೈಲಿ, ಯಾವುದು ಮೊದಲೋ ಅದು. ಇದಕ್ಕೆ ಇನ್ನು ಮೂರು ತಿಂಗಳು ಉಳಿದಿತ್ತು. ಅಲ್ಲಿಯವರೆಗೆ ಗೇರ್‌ಬಾಕ್ಸ್ ಕೈಕೊಟ್ಟರೆ ಅದು ಕಂಪನಿಯ ತಲೆನೋವು. ಮಾರನೆಯ ದಿನ ಕೊಟ್ಟರೆ ನಮ್ಮೂರಲ್ಲಿ ಒಂದು ಹೊಸ ಮಾರುತಿ ಬರುವಷ್ಟು ದುಡ್ಡು ಅದರೊಳಗೆ ಹೋಗುತ್ತದೆ. ಅದಕ್ಕೇ ಹೆದರಿದವರು ಈ ಹೊತ್ತಿನಲ್ಲಿ ಮಾರುತ್ತಾರೆ, ಆಸೆಬುರುಕರು ಈ ಹೊತ್ತಿನಲ್ಲೇ ಕೊಳ್ಳುತ್ತಾರೆ.

ನಮ್ಮಪ್ಪ ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಎತ್ತು ನೋಡುವಾಗ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಿದ್ದರು, ಸುಳಿ ನೋಡುತ್ತಿದ್ದರು, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಿದ್ದರು. ಅದಕ್ಕೂ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: ‘ಯಾಕಪ್ಪಾ ಮಾರ್ತಾ ಇದೀಯಾ?’ ಉತ್ತರವೂ ಒಂದೇ: ‘ಮಗಳ ಮದುವೆ, ಯಜಮಾನ್ರೇ.’ ಆ ವರ್ಷ ಜಾತ್ರೆಗೆ ಬಂದ ಎತ್ತುಗಳೆಲ್ಲ ಯಾರದೋ ಮಗಳ ಮದುವೆಗಾಗಿಯೇ ಮಾರಾಟವಾಗುತ್ತಿದ್ದವು. ನಾನೂ ಅಪ್ಪನ ಪ್ರಶ್ನೆಯನ್ನೇ ಸ್ಯಾಕ್ರಮೆಂಟೋದ ಯಜಮಾನನಿಗೆ ಹಾಕಿದೆ. ಅವನು ನಾಚಿಕೊಂಡು, ‘ನಮಗೆ ಮಗು ಆಯಿತು. ಇದರಲ್ಲಿ ಮಗುವನ್ನು ಕೂರಿಸೋಕಾಗಲ್ಲ, ಮಾರು ಅಂತ ಹೆಂಡತಿ ಹಟ ಹಿಡಿದಿದ್ದಾಳೆ’ ಎಂದ. ಅಳಿಯಂದಿರು ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ.

ಕಾರು ನೋಡಲು ನನಗೂ ಒಂದು ಅವಕಾಶ ಸಿಕ್ಕಿತು. ಮುಂದಿನ ಬಾನೆಟ್ ಎತ್ತಿದರೆ ಎಂಜಿನ್ನೇ ಇಲ್ಲ, ಎರಡು ಚೀಲ ಇಡುವಷ್ಟು ಡಿಕ್ಕಿ. ಎಂಜಿನ್ನು ಹಿಂದೆ ಇದೆ ಎಂದು ಹಿಂದಿನ ಮುಚ್ಚಳ ತೆರೆದರು. ಅಲ್ಲೂ ಎರಡು ಫ್ಯಾನು, ಆಯಿಲ್ಲಿಗೊಂದು ಮುಚ್ಚಳ, ನೀರಿಗೊಂದು ಮುಚ್ಚಳ, ಅಷ್ಟೇ. ಎತ್ತಾದರೆ ಬಾಯನ್ನಾದರೂ ಬಿಡುತ್ತಿತ್ತು.

ಬಾಯಿ ಬಿಡಿಸುವ ಕೆಲಸ ಮೆಕ್ಯಾನಿಕ್ ಮಾಡಿದ. ಟೈರಿನ ಪಕ್ಕೆಯ ನಾಲ್ಕು ಅಂಕಿ ತೋರಿಸಿದ: 2317. ಅಂದರೆ 2017ರ 23ನೆಯ ವಾರ ತಯಾರಾದದ್ದು. ಹಲ್ಲು ಎಣಿಸಿದಂತಾಯಿತು. ಆಮೇಲೆ ಕಂಪ್ಯೂಟರು ಚುಚ್ಚಿದ. ಐದನೆಯ ಗೇರಿನಿಂದ ನಾಲ್ಕಕ್ಕೆ ಇಳಿಸಲು ಹೋಗಿ ಕೈತಪ್ಪಿ ಎರಡಕ್ಕೆ ಹಾಕಿದರೆ ಚಕ್ರಗಳೇ ಎಂಜಿನ್ನನ್ನು ಮಿತಿಮೀರಿ ತಿರುಗಿಸಿಬಿಡುತ್ತವೆ. ಕಾರು ಅದನ್ನು ಆರು ದರ್ಜೆಗಳಲ್ಲಿ, ಎಷ್ಟನೆಯ ಗಂಟೆಯಲ್ಲಿ ನಡೆಯಿತೆಂಬುದರ ಸಮೇತ, ಬರೆದಿಟ್ಟುಕೊಳ್ಳುತ್ತದೆ. ಚಿತ್ರಗುಪ್ತನನ್ನು ಜರ್ಮನಿಯವರು ಡಬ್ಬಿಯಲ್ಲಿ ಹಾಕಿ ಕೂರಿಸಿದ್ದಾರೆ. ನಮ್ಮ ಕಾರಿನ ಲೆಕ್ಕದಲ್ಲಿ ದೊಡ್ಡ ಪಾಪಗಳೇನೂ ಇರಲಿಲ್ಲ.

ನಾನು ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಿದವನು. ವಾಪಸು ಬರುತ್ತಾ, ಅದೇ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಮೇಷ್ಟರಾಗಿದ್ದ ಜಾರ್ಜ್ ಅಕರ್‌ಲಾಫ್ ನೆನಪಾದರು. ಕಾರಿನ ಹುಳುಕು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಅವನು ಹೆದರಿ ಕಡಿಮೆ ಬೆಲೆ ಹೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನವರು ಮಾರದೆ ಮನೆಗೆ ಹೋಗುತ್ತಾರೆ, ಸಂತೆಯಲ್ಲಿ ಕೆಟ್ಟವೇ ಉಳಿಯುತ್ತವೆ. ಇದಕ್ಕೆ ಒಂದು ಮದ್ದು ವಾರಂಟಿ. ಇಷ್ಟನ್ನು ಹೇಳಿದ ಅವರ ಪ್ರಬಂಧವನ್ನು ಮೂರು ಪತ್ರಿಕೆಗಳು ಹಿಂದಕ್ಕೆ ಕಳಿಸಿದ್ದವು. ಅದು 1970ರಲ್ಲಿ ಅಚ್ಚಾಯಿತು, 2001ರಲ್ಲಿ ಅವರಿಗೆ ನೊಬೆಲ್ ಬಂತು. ಅದರಲ್ಲಿ ಕೆಟ್ಟ ಕಾರಿಗೆ ಅವರು ಬಳಸಿದ್ದು ಅಮೆರಿಕನ್ನರ ಆಡುಮಾತು: ಲೆಮನ್. ನಿಂಬೆಹಣ್ಣು!

ಕಾರು ಮನೆಗೆ ಬಂತು. ಮಗಳು ಏನೆಂದಳೆಂದು ಬರೆಯಲಾರೆ. ಎರಡು ದಿನ ಆ ಮನೆಯಲ್ಲಿ ಸದ್ದು ಮಾಡಿದ್ದು ಮಗು ಒಂದೇ. ಮೂರನೆಯ ದಿನ ನನ್ನ ಹೆಂಡತಿ ಸಂಧಾನ ಮಾಡಿ, ಲಿವರ್‌ಮೋರಿನ ಶಿವ ವಿಷ್ಣು ದೇವಸ್ಥಾನದಲ್ಲಿ ಪೂಜೆ ಮಾಡಿಸಿದಳು. ಹಿಂದಿನ ಟೈರು 295 ಮಿಲಿಮೀಟರ್ ಅಗಲ. ಅದರ ಮುಂದೆ ನಿಂಬೆಹಣ್ಣು ರಸ್ತೆಗೆ ಬಿದ್ದ ಗೋಲಿಯ ಹಾಗೆ ಕಂಡಿತು. ಅಮೆರಿಕದವರು ಯಾವುದಕ್ಕೆ ಹೆದರುತ್ತಾರೋ ಅದನ್ನೇ ನಾವು ಚಕ್ರದಡಿ ಇಟ್ಟು ಹೊಸಕಿದೆವು.

ಅಲ್ಲಿಂದ ಅಳಿಯಂದಿರ ವ್ರತ ಶುರುವಾಯಿತು. ಕೆಡುವುದಿದ್ದರೆ ವಾರಂಟಿಯ ಒಳಗೇ ಕೆಡಲಿ ಎಂದು ದಿನಾ ಕಿವಿಯಾನಿಸಿ ಓಡಿಸುವರು. ಲಕ್ಷಗಟ್ಟಲೆ ಸುರಿದು ತಂದ ವಸ್ತು ಬೇಗ ಕೆಡಲೆಂದು ಹಂಬಲಿಸುವವರನ್ನು ನಾನು ಅದೇ ಮೊದಲು ನೋಡಿದ್ದು. ಎಂಜಿನ್ನಿನ ಇಂಪಿಗೆಂದು ಕೊಂಡ ಕಾರಿನಲ್ಲಿ ಅವರು ಕೇಳುತ್ತಿದ್ದದ್ದು ಉಳಿದ ಸದ್ದುಗಳನ್ನು ಮಾತ್ರ. ಎರಡು ತಿಂಗಳಾದ ಮೇಲೆ ಹಂಬಲ ಫಲಿಸಿತು. ಎಡಕ್ಕೆ ತಿರುಗಿದಾಗ ‘ಲೊಟಕ್’. ಬಲಕ್ಕೆ ತಿರುಗಿದಾಗ ಇನ್ನೊಂದು ‘ಲೊಟಕ್’. ಸಸ್ಪೆನ್ಷನ್ ಎಂದು ಅವರೂ, ವಯಸ್ಸಾದ ಮೇಲೆ ಕೀಲು ಸದ್ದು ಮಾಡುವುದು ಸಹಜ ಎಂದು ನಾನೂ ವಾದಿಸಿದೆವು. ವಾರಂಟಿ ಮುಗಿಯಲು ಒಂಬತ್ತು ದಿನವಿದ್ದಾಗ ಕಾರನ್ನು ಸರ್ವೀಸಿಗೆ ಬಿಟ್ಟರು.

ಸಂಜೆ ಒಂದು ಚೀಟಿ, ಒಂದು ಪ್ಲಾಸ್ಟಿಕ್ ಚೀಲ ಕೈಗೆ ಬಂದವು. ಚೀಟಿಯಲ್ಲಿದ್ದದ್ದು ಇಷ್ಟು: ಸದ್ದು ಖಚಿತವಾಗಿದೆ. ಪಕ್ಕದ ಸೀಟಿನಡಿ ಒಂದು ಲೆಮನ್ ಸಿಕ್ಕಿದೆ. ತೆಗೆಯಲಾಗಿದೆ. ಕಾರಿನಲ್ಲಿ ದೋಷವಿಲ್ಲ. ಚೀಲದಲ್ಲಿ ನಿಂಬೆಹಣ್ಣು ಒಣಗಿ ಅಡಿಕೆಯಂತೆ ಗಟ್ಟಿಯಾಗಿ ಕೂತಿತ್ತು.

ಅಡುಗೆಮನೆಯಲ್ಲಿ ನನ್ನ ಹೆಂಡತಿ ಮುಖ ಆ ಕಡೆ ಮಾಡಿಕೊಂಡೇ ಹೇಳಿದಳು: ‘ಪೂಜೆ ದಿನ ನಿವಾಳಿಸಿ ಇಟ್ಟಿದ್ದೆ. ದೃಷ್ಟಿಯಾಗದಿರಲಿ ಅಂತ. ಏನಾದರೂ ಆಯಿತಾ ಕಾರಿಗೆ?’

ಏನೂ ಆಗಿರಲಿಲ್ಲ. ಒಂಬತ್ತು ದಿನ ಕಳೆದವು, ವಾರಂಟಿಯೂ ಕಳೆಯಿತು. ಮಾರನೆಯ ಬೆಳಿಗ್ಗೆ ನಾನು ಕಾಫಿ ಕುಡಿಯುತ್ತಿದ್ದೆ. ಅಳಿಯಂದಿರು ಬೀಗದ ಕೈ ತಿರುಗಿಸುತ್ತಾ ಅಡುಗೆಮನೆಯ ಬಾಗಿಲಲ್ಲಿ ನಿಂತು, ನಾನು ಕೇಳಿಸಿಕೊಳ್ಳುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಮೆಲ್ಲಗೆ ಕೇಳಿದರು: ‘ಅತ್ತೆ, ಇನ್ನೊಂದು ನಿಂಬೆಹಣ್ಣು ಇದೆಯಾ?’