ಗುಲಾಬಿಗೆ ಸೆಕೆಯಾಗ್ತದಂತೆ!
ಬೆಂಗಳೂರಿನ ನರ್ಸರಿಯಿಂದ ಬಂದ ಗುಲಾಬಿಗೆ ಮಂಗಳೂರಿನ ಸೆಕೆ ಹಿಡಿಸುವುದೇ ಇಲ್ಲ. ಪಕ್ಕದಲ್ಲೇ ಶಂಕರಪುರ ಮಲ್ಲಿಗೆ ಬಿಸಿಲಿಗೆ ಕ್ಯಾರೇ ಅನ್ನದೆ ಮೊಗ್ಗು ಬಿಡುತ್ತಿದ್ದರೆ, ಈ ಮಹಾರಾಣಿಯ ಎಲೆಯಲ್ಲಿ ಕಪ್ಪುಚುಕ್ಕೆ, ಸುತ್ತ ಹಳದಿ. ಮುಟ್ಟಿದರೆ ಸಾಕು, ಉದುರಿತು! ಎಲೆ ಏಳೆಂಟು ಗಂಟೆ ಒದ್ದೆಯಾಗಿದ್ದರೆ ಈ ಕಪ್ಪುಚುಕ್ಕೆ ತರುವ ಶಿಲೀಂಧ್ರಕ್ಕೆ ಹಬ್ಬ. ಆದರೂ ನಮ್ಮ ಮನೆಯವರು ಸಂಜೆ ಧಾರಾವಾಹಿ ಮುಗಿಸಿ, ಪೈಪ್ ಹಿಡಿದು ಗಿಡವನ್ನು ತಲೆಯಿಂದ ಮೀಯಿಸುತ್ತಾರೆ. "ಪಾಪ, ಸೆಕೆ ಅಲ್ವಾ?" ಅಂತ ಕರುಣೆ ಬೇರೆ! ನೀರು ಬೆಳಗ್ಗೆ, ಅದೂ ಬುಡಕ್ಕೆ ಮಾತ್ರ ಮಾರಾಯ್ರೆ. ಉದುರಿದ ಎಲೆ ಗುಡಿಸಿ ದೂರ ಹಾಕಿ, ರೋಗ ಅಲ್ಲೇ ಅಡಗಿರುತ್ತದೆ. ಕುಂಡಗಳನ್ನು ಸಿಟಿ ಬಸ್ಸಿನ ಜನರಂತೆ ಒತ್ತಿಡಬೇಡಿ, ಗಾಳಿಯಾಡಲಿ. ದಿನಕ್ಕೆ 6 ಗಂಟೆ ಬಿಸಿಲಂತೂ ಬೇಕೇ ಬೇಕು. ಇಷ್ಟು ಉಪಚಾರ ಆಗದವರು ಸುಮ್ಮನೆ ದಾಸವಾಳ ನೆಡಿ.