ದಿಮ್ಮಿ ದೊಡ್ಡಪ್ಪ

ಹಿತ್ತಲಲ್ಲಿ ಮರ ಇರುವವರು ಬೇರೆ, ಮರ ಬಿದ್ದಿರುವವರು ಬೇರೆ. ಮೊದಲನೆಯವರು ನಮ್ಮ ನಿಮ್ಮ ಹಾಗೆ ಮಳೆ ಬೆಳೆ ಮಾತಾಡಿಕೊಂಡು ಇರುತ್ತಾರೆ. ಎರಡನೆಯವರ ಮುಂದೆ ಮಗಳ ಮದುವೆ ಎತ್ತಿ, ಪಂಚಾಯ್ತಿ ಎಲೆಕ್ಷನ್ ಎತ್ತಿ, ಮೂರನೇ ಮಾತಿಗೆ ಅದು ಹಿತ್ತಲಿಗೆ ಬಂದು ದಿಮ್ಮಿಯ ಮೇಲೆ ಕೂರುತ್ತದೆ. ರಾಮನಗರ, ಕನಕಪುರ ಸೀಮೆಯ ಯಾವ ಹಳ್ಳಿಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ಕಬ್ಬಾಳಿನವರನ್ನು ನಾನು ಹತ್ತಿರದಿಂದ ಬಲ್ಲೆ. ಅವರ ಹೆಸರು ಬೇಡ. ಊರಿನ ಹುಡುಗರು ಇಟ್ಟಿರುವ ‘ದಿಮ್ಮಿ ದೊಡ್ಡಪ್ಪ’ ಸಾಕು.

ಬಿದ್ದದ್ದು ಹಲಸಿನ ಮರ. ಬೇರು ನುಗ್ಗಿ ಬಚ್ಚಲಿನ ಗೋಡೆ ಬಿರಿದ ಮೇಲೆ, ದೊಡ್ಡವ್ವನ ಕಾಟ ತಾಳಲಾರದೆ ಕಡಿಸಿದ್ದು. ಅದೂ ಸುಮ್ಮನೆ ಕಡಿಸಲಿಲ್ಲ. 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಬಗ್ಗೆ ಅರಣ್ಯದವರನ್ನು ವಿಚಾರಿಸಿ ಬಂದರು. ಹುಳ ಹಿಡಿಯಬಾರದೆಂದು ಅಮಾವಾಸ್ಯೆವರೆಗೆ ಕಾದರು. ಮರ ನೆಲಕ್ಕೆ ಬಿದ್ದ ಸದ್ದಿಗೇ ಸೌದೆಯವನು ಬಂದು ಟನ್ನಿನ ಲೆಕ್ಕ ಹೇಳಿದ. ದೊಡ್ಡಪ್ಪ ಅವನನ್ನು ಗೇಟಿನವರೆಗೂ ಅಟ್ಟಿಸಿಕೊಂಡು ಹೋದರು.

“ಸೌದೆಯಂತೆ ಸೌದೆ! ಅಲ್ಸು ಕಣಯ್ಯ ಇದು. ಒಳ್ಳೆ ಉಪಯೋಗಕ್ಕೇ ಬರಬೇಕು.”

ಆ ‘ಒಳ್ಳೆ ಉಪಯೋಗ’ ಏನೆಂಬುದನ್ನು ಅವರು ಅಂದಿನಿಂದ ಹುಡುಕುತ್ತಲೇ ಇದ್ದಾರೆ.

ಮೊದಲು ಸಾಮಿಲ್‌ಗೆ ಹೋದರು. ಅಲ್ಲಿನ ಲೆಕ್ಕ ಹೀಗೆ: ದಿಮ್ಮಿಯ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಬೇಕು, ಬಂದದ್ದನ್ನು ಅದರಿಂದಲೇ ಗುಣಿಸಬೇಕು, ಆಮೇಲೆ ಉದ್ದದಿಂದ ಗುಣಿಸಬೇಕು. 5 ಅಡಿ ಸುತ್ತಳತೆ, 8 ಅಡಿ ಉದ್ದದ ದಿಮ್ಮಿಗೆ 12.5 ಘನ ಅಡಿ ಬಂತು. ಹೈಸ್ಕೂಲು ಓದುವ ಮೊಮ್ಮಗ ಮನೆಯಲ್ಲಿ ಪೈ ಹಾಕಿ ಗುಣಿಸಿ ನೋಡಿದ. ಹತ್ತಿರ ಹತ್ತಿರ 16 ಅಡಿ! ಮೂರೂವರೆ ಅಡಿ ಮರ ಟೇಪಿನಲ್ಲೇ ಮಾಯ. ದೊಡ್ಡಪ್ಪ ಚೀಟಿ ಹಿಡಿದು ವಾಪಸ್ ಓಡಿದರು.

“ತೊಗಟೆ, ಸೊಟ್ಟ, ಗರಗಸದ ಹೊಟ್ಟು ಎಲ್ಲಾ ಕಳೀಬೇಕಲ್ಲ ಗೌಡ್ರೆ” ಎಂದ ಸಾಮಿಲ್‌ನವನು.

ಈ ಲೆಕ್ಕದ ಮೂಲ ಇಂಗ್ಲೆಂಡಿನ ಎಡ್ವರ್ಡ್ ಹಾಪ್ಪಸ್ ಎಂಬಾತ 1736ರಲ್ಲಿ ಅಚ್ಚು ಹಾಕಿಸಿದ ಕೋಷ್ಟಕ ಎಂದು ನಾನು ಬಾಯಿ ಬಿಟ್ಟೆ. ಬಿಡಬಾರದಿತ್ತು. ಕಬ್ಬಾಳದುರ್ಗವನ್ನು ಸೆರೆಮನೆ ಮಾಡಿದ ಹೈದರ್, ಟಿಪ್ಪುವಿನ ಮೇಲೆ ಊರಲ್ಲಿ ಯಾರಿಗೂ ಇಲ್ಲದ ಸಿಟ್ಟು ಈಗ ದೊಡ್ಡಪ್ಪನಿಗೆ ಹಾಪ್ಪಸ್ ಮೇಲೆ ಇದೆ.

ಅಂತೂ ಹಲಗೆ ಸೀಳಿಸಿದ್ದಾಯಿತು. ಅಂಗುಲ ದಪ್ಪಕ್ಕೆ ಒಂದು ವರ್ಷ ಒಣಗಬೇಕೆಂದು ಯಾರೋ ಹೇಳಿದ್ದರಿಂದ, ಒಂದೊಂದರ ನಡುವೆ ರೀಪು ಕೊಟ್ಟು, ಕೊಟ್ಟಿಗೆಯ ನೆರಳಲ್ಲಿ ಪೇರಿಸಿದರು. ದನ ಮಳೆಯಲ್ಲಿ ನಿಂತವು.

ಆಮೇಲೆ ಒಂದು ತುಂಡನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಚನ್ನಪಟ್ಟಣದ ಬಸ್ಸು ಹತ್ತಿದರು. ಬೊಂಬೆಯಾದರೆ ಲೋಕವೆಲ್ಲ ಸುತ್ತುತ್ತದಲ್ಲ ಎಂಬ ಆಸೆ. ಬೊಂಬೆ ಮಾಡುವ ಮುದುಕರು ತುಂಡನ್ನು ಉಗುರಿನಿಂದ ಕೆರೆದು, ಮೂಸಿ, ಮರ್ಯಾದೆಯಿಂದ ಹಿಂದಿರುಗಿಸಿದರು. “ಯಜಮಾನ್ರೆ, ನಮಗೆ ಆಲೆ ಮರ. ಬೆಳ್ಳಗೆ, ಮೆತ್ತಗೆ ಇರಬೇಕು. ತಿರುಗೋವಾಗ ಅರಗಿನ ಕಡ್ಡಿ ಒತ್ತಿದ್ರೆ ಬಿಸಿಗೆ ಕರಗಿ ಬಣ್ಣ ಕೂತ್ಕೋಬೇಕು, ತಾಳೆ ಗರಿ ಹಿಡಿದ್ರೆ ಮಿರುಗಬೇಕು. ನಿಮ್ದು ಅಳದಿ. ಒಳ್ಳೆ ಮರ, ಆದ್ರೆ ನಮಗಲ್ಲ.” ‘ಒಳ್ಳೆ ಮರ’ ಅನ್ನುವಷ್ಟನ್ನೇ ಗಂಟು ಕಟ್ಟಿಕೊಂಡು ದೊಡ್ಡಪ್ಪ ಊರಿಗೆ ಬಂದರು.

ಹಲಸು ಅಂದಮೇಲೆ ವೀಣೆ ಬರಲೇಬೇಕು. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಿ ಹಲಸಿನ ಮರದಿಂದಲೇ ವೀಣೆ ಕೆತ್ತುತ್ತಾರೆ ಎಂದು ತಿಳಿದ ರಾತ್ರಿ ಅವರಿಗೆ ನಿದ್ದೆ ಹತ್ತಲಿಲ್ಲವಂತೆ. ಗುಡಿಯ ಗಂಟೆ ಕೇಳಿ ಬೆಳೆದ ಹಲಸು ನಾದಕ್ಕೆ ಶ್ರೇಷ್ಠ ಎಂಬ ನಂಬಿಕೆಯೂ ಕಿವಿಗೆ ಬಿತ್ತು.

“ನಮ್ದು ಕಬ್ಬಾಳಮ್ಮನ ಗಂಟೆ ಕೇಳ್ಕೊಂಡೇ ಬೆಳೆದಿದ್ದು ಕಣ್ಲಾ ಮಗ! ಮಂಗಳವಾರ, ಶುಕ್ರವಾರ ಬಿಡುವಿಲ್ಲ!”

“ಬಸ್ಸಿನ ಹಾರನ್ನೂ ಕೇಳಿರುತ್ತಲ್ಲ ದೊಡ್ಡಪ್ಪ” ಎಂದೆ. ಎರಡು ವಾರ ಮಾತು ಬಿಟ್ಟರು. ವೀಣೆಯ ಕೊಡ ತೋಡಲು ಇಡೀ ದಿಮ್ಮಿ ಬೇಕು, ಸೀಳಿದ ಹಲಗೆಯಲ್ಲಿ ಅದು ಆಗುವುದಿಲ್ಲ ಎಂದು ಆಚಾರಿ ಹೇಳಿದಾಗ ಅವರ ಮುಖ ನೋಡಲಾಗಲಿಲ್ಲ. ಬೌದ್ಧ ಭಿಕ್ಷುಗಳ ಕಾವಿ ಬಟ್ಟೆಗೆ ಹಲಸಿನ ಚಕ್ಕೆ ಬೇಯಿಸಿ ಬಣ್ಣ ಕಟ್ಟುವುದುಂಟು ಎಂದು ಸಮಾಧಾನಕ್ಕೆ ಹೇಳಿದೆ. “ಹೊಟ್ಟು ಎಷ್ಟಿದೆ ನೋಡು” ಎಂದು ಮೊಮ್ಮಗನಿಗೆ ಕೂಗಿದರು.

ಬೆಂಗಳೂರಿನ ಮಗನ ಫ್ಲ್ಯಾಟಿಗೆ ಬಾಗಿಲು ಮಾಡಿಸಿ ಕೊಡುತ್ತೇನೆಂದರು. ಎಲ್ಲರ ಬಾಗಿಲೂ ಒಂದೇ ಥರ ಇರಬೇಕಂತೆ. ಮಂಚ ಎಂದರು. ಲಿಫ್ಟಿಗೆ ಹಿಡಿಸುವುದಿಲ್ಲ. ಸೊಸೆ ಮಾತ್ರ ತೊಗಟೆ ಬಿಡಿಸದ ಒಂದು ಹಲಗೆ ಕೇಳಿದಳು. ಬೆಂಗಳೂರಲ್ಲಿ ಅಂಥದ್ದಕ್ಕೇ ಬೆಲೆ ಜಾಸ್ತಿಯಂತೆ. “ತೊಗಟೆ ಕಳೀಬೇಕು ಅಂತ ಅಲ್ಲಿ ಮೂರೂವರೆ ಅಡಿ ನುಂಗಿದ್ರು, ಇಲ್ಲಿ ತೊಗಟೇನೇ ಬೇಕಂತೆ!” ಕೊಡಲಿಲ್ಲ.

ಈ ನಡುವೆ ಗೆದ್ದಲು ಬಂತು. ಅಂಚಿನ ಬಿಳಿ ಭಾಗವನ್ನೆಲ್ಲ ತಿಂದು, ಒಳಗಿನ ಚೇಗನ್ನು ಮುಟ್ಟದೆ ಹೋಯಿತು. ಬೇರೆಯವರಾಗಿದ್ದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ದೊಡ್ಡಪ್ಪ ಬಂದ ನೆಂಟರನ್ನೆಲ್ಲ ಕೊಟ್ಟಿಗೆಗೆ ಕರೆದುಕೊಂಡು ಹೋಗಿ, ಗೆದ್ದಲು ಕೊಟ್ಟ ಸರ್ಟಿಫಿಕೇಟ್ ತೋರಿಸುತ್ತಾರೆ. ಕಾಫಿ ಸಿಗುವುದು ಅದಾದ ಮೇಲೆ.

ಮರ ಬಿದ್ದ ಮೇಲೆ ದೊಡ್ಡವ್ವ ಏನೆಂದರು ಎಂದು ಇಷ್ಟು ಹೊತ್ತು ಹೇಳದೆ ಬಿಟ್ಟದ್ದಕ್ಕೆ ಕಾರಣ ಇದೆ: ಆಕೆಯೂ ಏನೂ ಹೇಳಲಿಲ್ಲ. ದೊಡ್ಡಪ್ಪ ಕನಕಪುರದ ಕೋರ್ಟಿಗೆ ಹೋದ ಒಂದು ದಿನ ಆಚಾರಿಯನ್ನು ಕರೆಸಿ, ಅಡಿ ಹಲಗೆಯೊಂದನ್ನು ಎಳೆಸಿ, ಹಿಟ್ಟು ಕಟ್ಟುವ ಮಣೆ ಮಾಡಿಸಿಕೊಂಡರು. ರಾತ್ರಿ ಅದರ ಮೇಲೆ ರಾಗಿ ಮುದ್ದೆ ಹೊರಳಿತು. ದೊಡ್ಡಪ್ಪ ಉಪ್ಸಾರು ಸುರಿದುಕೊಳ್ಳುತ್ತಾ ಮಣೆಯ ಕಡೆ ಕಣ್ಣು ಹಾಯಿಸಿದರು.

“ಇದೆಲ್ಲಿದು?”

“ಸಂತೇಲಿ ತಂದೆ.”

ಮಣೆಯನ್ನು ಎತ್ತಿ, ದೀಪಕ್ಕೆ ಹಿಡಿದು, ಬೆರಳಿನಿಂದ ತಟ್ಟಿ ನೋಡಿದರು. “ಎಂಥಾ ಚೇಗು ನೋಡು! ಇಂಥಾ ಮರಾನ ಹೋಗಿ ಹೋಗಿ ಮಣೆ ಮಾಡವ್ನಲ್ಲ, ಅವನ ಕೈ ಸೇದೋಗ!”

ಮಣೆಯ ಸುದ್ದಿ ದೊಡ್ಡವ್ವನ ತಂಗಿಗೆ ತಲುಪಿತು, ಅಲ್ಲಿಂದ ಬೀಗಿತ್ತಿಗೆ. ದೊಡ್ಡಪ್ಪನಿಗೆ ಕೋರ್ಟಿನ ವಾಯಿದೆಗಳು ಬೇರೆ ಮೇಲಿಂದ ಮೇಲೆ ಬೀಳುತ್ತಿವೆ. ಈಗ ಸಾತನೂರಿನಲ್ಲಿ ಎರಡು ಈಳಿಗೆ ಮಣೆ, ಮಾಗಡಿಯಲ್ಲಿ ಒಂದು ದೇವರ ಪೀಠ, ಅಂಗನವಾಡಿಯಲ್ಲಿ ಮಕ್ಕಳು ಕೂರುವ ಒಂದು ಬೆಂಚು ಇವೆ. ಕೊಟ್ಟಿಗೆಯ ಪೇರಿ ದೊಡ್ಡಪ್ಪನ ಎದೆಮಟ್ಟದಿಂದ ಮೊಣಕಾಲಿಗೆ ಇಳಿದಿದೆ. ಮೊನ್ನೆ ನಾನೇ ತಡೆಯಲಾರದೆ, ಹಲಗೆ ಕಮ್ಮಿ ಆದ ಹಾಗೆ ಕಾಣುತ್ತಲ್ಲ ಎಂದು ಕೇಳಿದೆ. ಕನಿಕರದಿಂದ ನನ್ನ ಬೆನ್ನು ತಟ್ಟಿದರು.

“ಒಣಗ್ತಾ ಒಣಗ್ತಾ ಮರ ಕುಗ್ಗುತ್ತೆ ಕಣ್ಲಾ ಮಗ. ಆವತ್ತು ಆ ಹಾಪ್ಪಸ್ ತಿಂದ, ಇವತ್ತು ಬಿಸಿಲು ತಿಂತದೆ.”

ಒಳಗೆ ದೊಡ್ಡವ್ವ ಮುದ್ದೆ ಕಟ್ಟುತ್ತಿದ್ದರು. ಮೊಮ್ಮಗ ಏನೋ ಹೇಳಲು ಬಾಯಿ ತೆರೆದ. ಆಕೆ ಅವನ ಬಾಯಿಗೆ ಬಿಸಿ ತುತ್ತೊಂದನ್ನು ಇಟ್ಟರು.